ಬಸರಾದಲ್ಲಿ ಕುಡಿಯದೆ ಇಟ್ಟ ಕಾಫಿ

ಮುಂಬಯಿ

ಪರದೇಶಕ್ಕೆ ಹೋದವರು ಸಾಮಾನ್ಯವಾಗಿ ಅಲ್ಲಿಂದ ಗಡಿಯಾರ ತರುತ್ತಾರೆ, ಇಲ್ಲವೇ ಅತ್ತರು ತರುತ್ತಾರೆ. ನಾನು ಹೊರಟದ್ದು ಸೋದರಮಾವನನ್ನು ತರಲಿಕ್ಕೆ. ಬಂದರಿನ ಅಧಿಕಾರಿ "ಬಸರಾದಲ್ಲಿ ಏನು ಕೆಲಸ?" ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಕನ್ನಡಕ ತೆಗೆದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇವನಿಂದ ದೇಶಕ್ಕೆ ಅಪಾಯವಿಲ್ಲ ಎಂದು ತೀರ್ಮಾನಿಸಿ ಮುದ್ರೆ ಒತ್ತಿದ.

ನಾನು ಕಾಪುವಿನ ಮೊಗವೀರರ ಮನೆಯವನು, ಕಾರ್ಕಳದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆ ರಜೆ ಅದು. ತಂಗಿ ಗುಲಾಬಿಗೆ ಇನ್ನಂಜೆಯ ಕಡೆಯ ಸಂಬಂಧ ಕೂಡಿಬಂದಿತ್ತು. ಮುಹೂರ್ತ ಪತ್ತನಾಜೆಗೆ ಸ್ವಲ್ಪ ಮೊದಲು. ಪತ್ತನಾಜೆ ಎಂದರೆ ತುಳುನಾಡಿನಲ್ಲಿ ಶುಭಕಾರ್ಯಗಳಿಗೆಲ್ಲ ಬಾಗಿಲು ಹಾಕುವ ದಿನ. ಅದು ದಾಟಿದರೆ ಮಳೆ, ಮಳೆ ಕಳೆಯುವಷ್ಟರಲ್ಲಿ ಗಂಡಿನ ಕಡೆಯವರ ಮನಸ್ಸು ಎಲ್ಲಿರುತ್ತದೋ ಬಲ್ಲವರಾರು. ಮಾತುಕತೆ ಎಲ್ಲ ಮುಗಿದು ವೀಳ್ಯವೂ ಬದಲಾದ ಮೇಲೆ ಅಮ್ಮ ಒಳಗಿನಿಂದ ಒಂದೇ ಮಾತು ಹೇಳಿದಳು: "ಧಾರೆ ಎರೆಯಲಿಕ್ಕೆ ನನ್ನ ತಮ್ಮ ಬರಬೇಕು. ಬೇರೆ ಕೈ ಬೇಡ."

ನಮ್ಮದು ಅಳಿಯಸಂತಾನ. ಮನೆ ನಡೆಯುವುದು ತಾಯಿಯ ಕಡೆಯಿಂದ, ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ. ತಂದೆಯಿಲ್ಲದ ಹುಡುಗಿಗೆ ಮಾವನೇ ಧಾರೆ ಎರೆಯುವುದು ನ್ಯಾಯವೇ. ಆದರೆ ನಮ್ಮ ದೂಮ ಮಾವ ಊರು ಬಿಟ್ಟಾಗ ಗುಲಾಬಿ ಇನ್ನೂ ಅಮ್ಮನ ಹೊಟ್ಟೆಯಲ್ಲಿದ್ದಳು. ಊರು ಬಿಟ್ಟ ಕಾರಣ ಕಾಪುವಿನಲ್ಲಿ ಎಲ್ಲರಿಗೂ ಗೊತ್ತು. ಮಳೆಗಾಲ ಕಳೆದು ಸಮುದ್ರಪೂಜೆ ಆಗುವ ಮೊದಲು ದೋಣಿ ಇಳಿಸಬೇಡಿ ಎಂದು ಅಮ್ಮ ತಡೆದಿದ್ದಳು. ಮಾವ ಕೇಳಲಿಲ್ಲ. ನನ್ನ ಅಪ್ಪನನ್ನು ಎಬ್ಬಿಸಿಕೊಂಡು ಹೋದರು. ಹೋದವರು ಇಬ್ಬರು, ಬಂದವರು ಒಬ್ಬರು. ಆ ಮೇಲೆ ಮಾವ ನಮ್ಮ ಹೊಸ್ತಿಲು ದಾಟಲಿಲ್ಲ. ಸ್ವಲ್ಪ ದಿನ ಸಮುದ್ರದ ದಡದ ದೀಪಸ್ತಂಭದ ಬಂಡೆಯ ಹತ್ತಿರ ಕೂತಿರುತ್ತಿದ್ದರಂತೆ. ಆಮೇಲೆ ಮಲ್ಪೆಯಲ್ಲಿ ಖರ್ಜೂರ ಇಳಿಸಿ ಹೆಂಚು ತುಂಬಿಕೊಂಡು ಹೊರಟ ಅರಬರ ಹಡಗೊಂದನ್ನು ಹತ್ತಿದರಂತೆ. ಕಳೆದ ವರ್ಷ ಅಂಥದೇ ಹಡಗಿನವನೊಬ್ಬ, ನಿಮ್ಮವನು ಬಸರಾದ ಹತ್ತಿರ ದೋಣಿ ರಿಪೇರಿ ಮಾಡಿಕೊಂಡು ಇದ್ದಾನೆ ಎಂದು ಸುದ್ದಿ ತಂದ. ಅಮ್ಮನ ಹಟ ಶುರುವಾದದ್ದು ಅಲ್ಲಿಂದ.

ನಾನು ಒಪ್ಪಿಕೊಂಡು ಹೊರಟೆ. ಆದರೆ ಅಮ್ಮನಿಗೆ ಬೇಕಾದದ್ದು ತಮ್ಮ, ನನಗೆ ಬೇಕಾದದ್ದು ಒಂದು ಉತ್ತರ. ಅಂದು ನೀರಿನಲ್ಲಿ ಏನಾಯಿತು ಎಂದು ಆ ಮನುಷ್ಯನ ಮುಖ ನೋಡಿ ಕೇಳಬೇಕಾಗಿತ್ತು.

ಡೆಕ್ಕಿನ ಮೇಲೆ

ಡೆಕ್ಕಿನ ಟಿಕೇಟೆಂದರೆ ಹಲಗೆಯ ಮೇಲೆ ಒಂದು ಚಾಪೆಯಷ್ಟು ಜಾಗ, ಮೇಲೆ ಆಕಾಶ. ಮೊಗವೀರನಿಗೆ ಸಮುದ್ರ ಹೊಸತೇನಲ್ಲ. ಆದರೆ ಮೀನು ಹಿಡಿಯದೆ ಸುಮ್ಮನೆ ಸಮುದ್ರದ ಮೇಲೆ ಕೂತಿರುವುದು ನಮ್ಮ ಜಾತಿಗೆ ಒಗ್ಗುವ ಕೆಲಸವಲ್ಲ. ನಾನು ಹಡಗಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಹಡಗು ಕರಾಚಿಯಲ್ಲಿ ನಿಂತಿತು, ಮಸ್ಕತ್ತಿನಲ್ಲಿ ನಿಂತಿತು, ಏಕೆಂದು ತಿಳಿಯದ ಕಡೆಗಳಲ್ಲೂ ನಿಂತಿತು. ಪ್ರತಿ ಸಲ ಲಂಗರು ಬಿದ್ದಾಗಲೂ ನಾನು ಬೆರಳು ಮಡಿಸಿ ದಿನ ಎಣಿಸುತ್ತಿದ್ದೆ. ಪತ್ತನಾಜೆ ನಮ್ಮ ಹಡಗಿಗಾಗಿ ಕಾಯುವುದಿಲ್ಲವಲ್ಲ.

ಪಕ್ಕದ ಚಾಪೆಯಲ್ಲಿ ಉಚ್ಚಿಲದ ಮೋನು ಬ್ಯಾರಿ ಇದ್ದರು. ಬಹರೈನಿಗೆ ಶುಂಠಿ, ಮೆಣಸು ಸಾಗಿಸುವ ವ್ಯಾಪಾರ. ರಮಜಾನ್ ತಿಂಗಳಾದ್ದರಿಂದ ಪ್ರಯಾಣದಲ್ಲೂ ಉಪವಾಸ ಬಿಟ್ಟಿರಲಿಲ್ಲ. ಹಗಲೆಲ್ಲ ಉಪವಾಸವಿದ್ದವರ ಮೂಗು ಚುರುಕು.

"ಮಾಷ್ಟ್ರೇ, ನಿಮ್ಮ ಗಂಟಿನಲ್ಲಿ ಎಂತ ಉಂಟು?" ಎಂದರು ಎರಡನೆಯ ದಿನ.

"ನಂಗು. ಒಣಮೀನು. ಅಮ್ಮ ತಮ್ಮನಿಗೆ ಅಂತ ಕೊಟ್ಟದ್ದು."

"ಹಾಗೆ ಹೇಳಿ. ಕ್ಯಾಪ್ಟನಿಗೂ ವಾಸನೆ ಹೋಗಿದೆ, ಪಾಪ ಹಡಗೇ ಕೆಟ್ಟಿತು ಅಂತ ಹುಡುಕಿಸ್ತಾ ಇದ್ದಾರೆ."

ನಾನು ಹೊರಟ ಕಾರಣ ತಿಳಿದ ಮೇಲೆ ಅವರು ತಮಾಷೆ ಬಿಟ್ಟರು. "ಒಂದು ವೇಳೆ ನಿಮ್ಮ ಮಾವ ಮರ್ಹೂಂ ಆಗಿದ್ದರೆ?" ಎಂದರು. ಈ ಶಬ್ದ ನಮ್ಮ ಕಡೆಯ ಬ್ಯಾರಿಗಳ ಬಾಯಲ್ಲಿ ಕೇಳಿದ್ದೇ. ಸತ್ತವರ ಹೆಸರಿನ ಮೊದಲು ಹಾಕುತ್ತಾರೆ, ನಾವು ದಿವಂಗತ ಎನ್ನುವ ಹಾಗೆ.

"ಸತ್ತಿದ್ದರೆ ಬರಿಗೈಯಲ್ಲಿ ಬರುವುದು. ಇನ್ನೆಂತ ಮಾಡುವುದು?"

"ಸತ್ತವ ಅಂತ ಅದರ ಅರ್ಥ ಅಲ್ಲ ಮಾಷ್ಟ್ರೇ. ಕರುಣೆ ಸಿಕ್ಕಿದವ ಅಂತ."

"ಕರುಣೆ ಸಿಗಬೇಕಾದರೆ ಸಾಯಲೇಬೇಕಾ?"

ಮೋನು ಬ್ಯಾರಿ ಟೊಪ್ಪಿ ಸರಿಮಾಡಿಕೊಂಡರು. "ಅದು ಕೊಡುವವರನ್ನು ಹೊಂದಿಕೊಂಡು ಉಂಟು," ಎಂದರು. ಬಹರೈನಿನಲ್ಲಿ ಇಳಿದು ಹೋಗುವಾಗ ನನ್ನ ಕೈಯಲ್ಲಿ ಒಂದು ಹಿಡಿ ಶುಂಠಿ ಇಟ್ಟು ಹೋದರು. ಅವರು ಹೋದ ಮೇಲೆ ಮಾತಾಡಲು ಯಾರೂ ಇಲ್ಲದೆ ನನ್ನ ನಡಿಗೆ ಇನ್ನೂ ಹೆಚ್ಚಾಯಿತು.

ಬಸರಾ

ಬಸರಾದ ಸುಂಕದವನು ನನ್ನ ಗಂಟು ಬಿಚ್ಚಿಸಿದ. ಬಿಚ್ಚಿದಷ್ಟೇ ವೇಗದಲ್ಲಿ ಕಟ್ಟಲು ಹೇಳಿದ. ಮೂಗಿಗೆ ಕರವಸ್ತ್ರ ಹಿಡಿದು "ರಹ್ಮತ್ ವಾಲ್ದೇಕ್" ಎಂದ. ಬೈಗುಳವಿರಬೇಕೆಂದು ನಾನೂ ಮುಖ ಗಂಟಿಕ್ಕಿದೆ. ಹೊರಗೆ ಬಂದರೆ ಕೂಲಿಯವನು ಅದನ್ನೇ ಹೇಳಿದ. ಕಾಲುವೆಯ ದೋಣಿಯವನು, ಸರಿದು ಕೂತುಕೊಳ್ಳಿ ಎನ್ನಲಿಕ್ಕೂ ಅದನ್ನೇ ಹೇಳಿದ. ಒಂದು ಊರಿಗೆ ಊರೇ ಒಬ್ಬ ಪರದೇಶಿಯನ್ನು ಬೈಯಲಾರದು ಎಂದು ಕೊನೆಗೆ ಸಮಾಧಾನ ಮಾಡಿಕೊಂಡು, ಇಂಗ್ಲಿಷ್ ಬಲ್ಲ ಒಬ್ಬ ಗುಮಾಸ್ತನನ್ನು ಕೇಳಿದೆ. 'ನಿನ್ನ ತಂದೆತಾಯಿಗೆ ಕರುಣೆ ಸಿಗಲಿ' ಎಂದು ಅದರ ಅರ್ಥ. ದಯವಿಟ್ಟು ಎನ್ನಲೂ ಉಪಕಾರವಾಯಿತು ಎನ್ನಲೂ ಅವರು ಇದನ್ನೇ ಹೇಳುತ್ತಾರಂತೆ. ಅರ್ಥ ತಿಳಿದ ಮೇಲೆ ನೆಮ್ಮದಿ ಆಗಬೇಕಾಗಿತ್ತು. ಆಗಲಿಲ್ಲ. ಹತ್ತು ಹೆಜ್ಜೆಗೊಬ್ಬ ಅಪರಿಚಿತ ನನ್ನ ಅಪ್ಪನನ್ನು ನೆನಪಿಸುತ್ತಿದ್ದ.

ಹುಡುಕುವುದು ಇನ್ನೊಂದು ಪಾಡು. ದೂಮಪ್ಪ ಎಂದರೆ ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಒಬ್ಬನ ಗುರುತು ಹೇಳಬೇಕಾದರೆ ಯಾರ ಅಳಿಯ, ಯಾವ ಮನೆಯ ಹೆಂಗಸಿನ ಮಗ ಎನ್ನುತ್ತೇವೆ. ಇಲ್ಲಿ ಎಲ್ಲರೂ ತಿರುಗಿ ಕೇಳುವುದು, ಯಾರ ಅಪ್ಪ? ಹುಟ್ಟಿದ ಮಗುವಿನ ಹೆಸರು ಹಿಡಿದು ಅಪ್ಪನನ್ನು ಕರೆಯುವ ಊರು. ನನ್ನ ಮಾವ ಯಾರ ಅಪ್ಪನೂ ಅಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತ ತಿರುಗಿದೆ. ಕೊನೆಗೆ ಪೇಟೆಯಲ್ಲಿ ಒಂದು ಪೀಪಾಯಿಯ ಹತ್ತಿರ ಕಾಲು ತಾನಾಗಿ ನಿಂತಿತು. ಮಾವಿನಕಾಯಿ ಉಪ್ಪಿನಕಾಯಿಯ ವಾಸನೆ. ಮುಂಬಯಿಯಿಂದ ಬರುತ್ತದಂತೆ, ಹೆಸರೂ 'ಅಂಬಾ'. ಅಂಗಡಿಯವನಿಗೆ ದೋಣಿಯ ಹಲಗೆ ಕೆತ್ತುವ ಅಭಿನಯ ಮಾಡಿ ತೋರಿಸಿದೆ. ಅವನ ಮುಖ ಅರಳಿತು. "ಹಾ, ಅಬು ಜಹರಾ! ಹಿಂದೀ!" ಎಂದ. ಹಿಂದೂಸ್ಥಾನದವನು, ಜಹರಾ ಎಂಬುವಳ ಅಪ್ಪ. ವಾರಕ್ಕೊಮ್ಮೆ ಬಂದು ಉಪ್ಪಿನಕಾಯಿ ಕೊಂಡುಹೋಗುವನಂತೆ.

ನನ್ನ ಮಾವ ಅಪ್ಪನಾಗಿದ್ದಾರೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಹೀಗೆ, ಕೈಗೆಲ್ಲ ಉಪ್ಪಿನಕಾಯಿಯ ಎಣ್ಣೆ ಮೆತ್ತಿಕೊಂಡು.

ಅಬುಲ್ ಖಸೀಬ್

ಬಸರಾದಿಂದ ನದಿಯುದ್ದಕ್ಕೂ ಕೆಳಗೆ ಹೋದರೆ ಅಬುಲ್ ಖಸೀಬ್ ಎಂಬ ಊರು. ಊರೆಂದರೆ ಖರ್ಜೂರದ ತೋಟ, ತೋಟದೊಳಗೆ ಕಾಲುವೆ, ಕಾಲುವೆಯ ಮೇಲೆ ಮನೆ. ನಮ್ಮಲ್ಲಿ ಸಮುದ್ರ ಉಕ್ಕಿದರೆ ಉಪ್ಪುನೀರು ಗದ್ದೆಗೆ ನುಗ್ಗಿ ಬೆಳೆ ಸುಟ್ಟುಹೋಗುತ್ತದೆ. ಇಲ್ಲಿ ಸಮುದ್ರ ಉಕ್ಕಿದಾಗ ನದಿಯ ಸಿಹಿನೀರು ಹಿಂದಕ್ಕೆ ತಳ್ಳಿಸಿಕೊಂಡು ಕಾಲುವೆಗಳನ್ನು ತುಂಬಿ ಮರದ ಬುಡ ತೋಯಿಸಿ ಹೋಗುತ್ತದೆ. ಯಾತ ಎಳೆಯುವ ಕೆಲಸವೇ ಇಲ್ಲ. ನನಗೆ ಹೊಟ್ಟೆಕಿಚ್ಚಾಯಿತು. ಅದೇ ಸಮುದ್ರ ಒಂದು ಊರಿನಲ್ಲಿ ಒಂದು ನಡತೆ, ಇನ್ನೊಂದು ಊರಿನಲ್ಲಿ ಇನ್ನೊಂದು.

ನಾನು ತಲುಪಿದ್ದು ರಮಜಾನ್ ಮುಗಿದ ಹಬ್ಬದ ದಿನ. ಹೊಸ ಬಟ್ಟೆ ಹಾಕಿಕೊಂಡು ಮನೆಯಿಂದ ಮನೆಗೆ ಹೋಗುವವರು, ಬರುವವರು. ಅಬು ಜಹರಾ ಎಂದ ಕೂಡಲೇ ನಾಲ್ಕು ಜನ ದಾರಿ ತೋರಿಸಿದರು. ಒಂದು ಉದ್ದದ ಅತಿಥಿಕೋಣೆ, ಗೋಡೆಗುಂಟ ಹಾಸಿಗೆ, ಅದರ ತುಂಬ ಗಡ್ಡದವರು. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡುತ್ತ ಬಂದೆ. ನಾನು ಗುರುತಿಸುವ ಮೊದಲು ಮಾವ ನನ್ನನ್ನು ಗುರುತಿಸಿದರು. ಎದ್ದು ನಿಂತರು, ಮತ್ತೆ ಕೂತುಬಿಟ್ಟರು. ನನ್ನದು ಅಚ್ಚು ಅಪ್ಪನ ಮುಖ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಆ ಮುಖ ಎಷ್ಟು ದೂರದಿಂದ ಬಂದು ಅವರ ಬಾಗಿಲಲ್ಲಿ ನಿಂತಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಕೂತೆ. ಕೂತ ಮೇಲೆ ಎಡಗಡೆಯವರು "ಅಲ್ಲಾ ಬಿಲ್ ಖೈರ್" ಎಂದರು. ನಾನು ಎದ್ದು ನಮಸ್ಕಾರ ಮಾಡಿ ಕೂತೆ. ಬಲಗಡೆಯವರು ಅದನ್ನೇ ಹೇಳಿದರು. ಮತ್ತೆ ಎದ್ದೆ. ಬಂದವರು ಕೂತ ಮೇಲೆ ಒಬ್ಬೊಬ್ಬರಾಗಿ ಕ್ಷೇಮ ಹಾರೈಸುವುದು ಅಲ್ಲಿಯ ಪದ್ಧತಿ, ಕೂತಲ್ಲಿಂದಲೇ ಉತ್ತರ ಕೊಟ್ಟರೆ ಸಾಕು. ನನಗೇನು ಗೊತ್ತು. ಕೋಣೆ ತುಂಬ ಜನ, ಅಷ್ಟೂ ಸಲ ಎದ್ದು ಕೂತೆ. ನಮ್ಮ ಹೈಸ್ಕೂಲಿನ ಡ್ರಿಲ್ ಮಾಷ್ಟ್ರು ನೋಡಿದ್ದರೆ ಮೆಚ್ಚುತ್ತಿದ್ದರು.

ಆಗ ಕಾಫಿ ಬಂತು. ಉದ್ದ ಕೊಕ್ಕಿನ ಹೂಜಿಯಿಂದ ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ನಾಲ್ಕು ತೊಟ್ಟು ಕರಿಯ ನೀರು. ಹಾಲಿಲ್ಲ, ಸಕ್ಕರೆಯಿಲ್ಲ. ಉಡುಪಿಯ ಕಡೆಯವನಿಗೆ ಬೇರೆ ಏನು ಹೇಳಿಕೊಡಬೇಕಾದರೂ ಹೇಳಿಕೊಡಿ, ಕಾಫಿಯ ವಿಷಯ ಹೇಳಿಕೊಡಬೇಡಿ. ಇದು ಡಿಕಾಕ್ಷನ್, ಹಾಲು ಹಿಂದಿನಿಂದ ಬರುತ್ತದೆ ಎಂದು ನಾನು ನಿಶ್ಚಯಿಸಿ ಬಟ್ಟಲನ್ನು ಮುಂದೆ ನೆಲದ ಮೇಲೆ ಇಟ್ಟೆ. ಕೈಕಟ್ಟಿ ಕಾದೆ.

ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಕಾಫಿ ಸುರಿಯುತ್ತಿದ್ದವನು ಹೂಜಿ ಹಿಡಿದೇ ನಿಂತ. ಎಲ್ಲರೂ ನೋಡುತ್ತಿದ್ದದ್ದು ನೆಲದ ಮೇಲಿನ ನನ್ನ ಬಟ್ಟಲನ್ನು. ಮನೆಯ ಯಜಮಾನ, ಮಾವನ ಹೆಂಡತಿಯ ಅಣ್ಣ, ಉಸ್ತಾದ್ ಯಾಸೀನ್ ಎಂಬ ಶಾಲಾಮಾಷ್ಟ್ರು, ನೆಟ್ಟಗೆ ಕೂತು ಗಂಭೀರವಾಗಿ ಏನೋ ಕೇಳಿದರು.

ಆಗ ಮಾವ ಮೊದಲ ಸಲ ಬಾಯಿ ತೆರೆದರು. ತುಕ್ಕು ಹಿಡಿದ ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. "ನೀನು ಕಾಫಿ ಕುಡಿಯದೆ ಕೆಳಗೆ ಇಟ್ಟೆ. ಇಲ್ಲಿ ಹಾಗೆ ಇಟ್ಟರೆ, ನನ್ನದೊಂದು ಕೇಳಿಕೆ ಉಂಟು, ಕೊಡುತ್ತೇನೆ ಅನ್ನುವವರೆಗೆ ಕುಡಿಯುವುದಿಲ್ಲ ಅಂತ ಲೆಕ್ಕ. ಅತಿಥಿ ಕುಡಿಯದೆ ಹೋದರೆ ಮನೆಯ ಮರ್ಯಾದೆಯೇ ಹೋಯಿತು. ಎಂತ ಬೇಕು ಅಂತ ಕೇಳುತ್ತಾ ಇದ್ದಾರೆ."

"ಹಾಲಿಗೆ ಕಾಯುತ್ತಾ ಇದ್ದೆ ಮಾವ."

ಅವರ ತುಟಿಯ ತುದಿಯಲ್ಲಿ ನಗು ಬಂದು ಹೋಯಿತು. ಮತ್ತೆ ಬಹಳ ಮೆತ್ತಗೆ, "ಹಾಲು ಬರುವುದಿಲ್ಲ ಮಾರಾಯ. ಬಂದದ್ದು ಯಾತಕ್ಕೋ ಅದನ್ನು ಕೇಳು. ನನ್ನಿಂದ ಕೇಳಲಿಕ್ಕೆ ಆಗುವುದಿಲ್ಲ, ನಿನ್ನಿಂದ ಆಗುತ್ತದೆ," ಎಂದರು.

ನಾನು ಕೇಳಿದೆ. ಅಮ್ಮ ಕಳಿಸಿದ್ದಾಳೆ, ತಂಗಿಯ ಧಾರೆಗೆ ಅವಳ ತಮ್ಮನೇ ಬೇಕಂತೆ, ಇವರು ನಮ್ಮ ಮನೆಯ ಯಜಮಾನರು, ಕರೆದುಕೊಂಡು ಹೋಗಲು ಬಂದಿದ್ದೇನೆ. ಮಾವ ಅದನ್ನು ಅರಬಿಯಲ್ಲಿ ಹೇಳಿದರು. ತನ್ನನ್ನೇ ಬೇಡಿದ ಮಾತನ್ನು ತಾನೇ ಅನುವಾದಿಸುವಾಗ ಅವರ ಕಣ್ಣು ನೆಲದ ಮೇಲಿತ್ತು. ಉಸ್ತಾದರು ಒಳಬಾಗಿಲಿನ ಪರದೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದರು.

"ಕೊಟ್ಟರು," ಎಂದರು ಮಾವ. "ಈಗ ಕುಡಿ."

ಕುಡಿದೆ. ಕಹಿಯೆಂದರೆ ಕಾಸರಕನ ಕಾಯಿಯ ಕಹಿ. ಪರದೆಯ ಹಿಂದೆ ಯಾರೋ ಅಳುವುದು ಕೇಳಿಸಿತು.

ಅಬುಲ್ ಖಸೀಬ್, ಮರುದಿನ

ಬೆಳಿಗ್ಗೆ ಉಸ್ತಾದ್ ಯಾಸೀನ್ ನನ್ನನ್ನು ತೋಟಕ್ಕೆ ಕರೆದೊಯ್ದರು. ಅವರದು ಪುಸ್ತಕದ ಇಂಗ್ಲಿಷ್, ನನ್ನದು ಪರೀಕ್ಷೆಯ ಇಂಗ್ಲಿಷ್. ಮಾಷ್ಟ್ರು ಎಲ್ಲಿದ್ದರೂ ಮಾಷ್ಟ್ರೇ. ಒದ್ದೆ ಮಣ್ಣು ಕಂಡ ಕೂಡಲೇ ಒಂದು ಗರಿಯ ಕಡ್ಡಿ ಮುರಿದು ಪಾಠ ಶುರುಮಾಡಿದರು. ಮೂರು ಅಕ್ಷರ ಬರೆದರು: ರ, ಹ, ಮ. ಅರಬಿಯಲ್ಲಿ ಮಾತುಗಳೆಲ್ಲ ಇಂಥ ಮೂರಕ್ಷರದ ಬೇರಿನಿಂದ ಚಿಗುರುತ್ತವಂತೆ. ಈ ಬೇರಿನಿಂದ 'ರಹಿಮ್' ಎಂದರೆ ಹೆಣ್ಣಿನ ಗರ್ಭ. 'ರಹ್ಮ' ಎಂದರೆ ಕರುಣೆ. ಬರಗಾಲದಲ್ಲಿ ಬಿದ್ದ ಮಳೆಗೂ ಅದೇ ಹೆಸರು. ದೇವರನ್ನು ಕರೆಯುವ ಎರಡು ಹೆಸರು ಇದರಿಂದಲೇ. ಸತ್ತವನು 'ಮರ್ಹೂಂ', ಅದನ್ನು ಮೋನು ಬ್ಯಾರಿ ಹೇಳಿದ್ದರು. ಹಳೆಯ ನಿಘಂಟುಗಳಲ್ಲಿ, ಹೆತ್ತ ಮೇಲೆ ಗರ್ಭ ನೋಯುವ ಹೆಣ್ಣೊಂಟೆಗೂ ಈ ಬೇರಿನದೇ ಒಂದು ಹೆಸರುಂಟಂತೆ. ಗರ್ಭದಿಂದ ಬಂದ ನಂಟಿಗೂ 'ರಹಿಮ್' ಎಂದೇ ಹೆಸರು. ದೂರವಾದ ನಂಟರನ್ನು ಹುಡುಕಿಕೊಂಡು ಹೋಗುವುದಕ್ಕೆ 'ಗರ್ಭವನ್ನು ಕಟ್ಟುವುದು' ಎನ್ನುತ್ತಾರೆ. ಅದು ದೊಡ್ಡ ಧರ್ಮ, ಕಡಿಯುವುದು ದೊಡ್ಡ ಪಾಪ.

"ಬಟ್ಟಲು ನೆಲಕ್ಕೆ ಇಡದಿದ್ದರೂ ನಾನು ಇಲ್ಲ ಎನ್ನಲಾರದೆ ಹೋಗುತ್ತಿದ್ದೆ," ಎಂದರು ಉಸ್ತಾದರು. "ನೀವು ಬಂದದ್ದು ಅದನ್ನು ಕಟ್ಟಲಿಕ್ಕೆ."

ನಾನು ಸ್ವಲ್ಪ ಬಿಗುಮಾನದಿಂದಲೇ ನಮ್ಮ ಅಳಿಯಸಂತಾನವನ್ನು ವಿವರಿಸಿದೆ. ಮಾವನಿಗೆ ಮೊದಲ ವಾರಸುದಾರ ಅಕ್ಕನ ಮಗ, ಅಂದರೆ ನಾನು. ಅವರು ತಲೆಯ ಬಟ್ಟೆ ಸರಿಮಾಡಿಕೊಂಡು ನಕ್ಕರು. ಅವರ ಧರ್ಮಶಾಸ್ತ್ರದಲ್ಲಿ ಅಕ್ಕನ ಮಗನಿಗೆ 'ಗರ್ಭದ ಕಡೆಯವನು' ಎಂದು ಹೆಸರಂತೆ. ವಾರಸುದಾರರ ಸಾಲಿನಲ್ಲಿ ಅವನಿಗೆ ಕಟ್ಟಕಡೆಯ ಜಾಗ, ಬೇರೆ ಯಾರೂ ಉಳಿಯದಿದ್ದರೆ ಮಾತ್ರ. "ನಿಮ್ಮಲ್ಲಿ ನೀವು ಮೊದಲು ನಿಲ್ಲುತ್ತೀರಿ, ನಮ್ಮಲ್ಲಿ ಕೊನೆಗೆ. ನಡುವೆ ನನ್ನ ತಂಗಿ ಮತ್ತು ಮಕ್ಕಳು ನಿಂತಿದ್ದಾರೆ. ಅವರನ್ನು ನೋಡಿದಿರಾ?"

ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಅವರ ವಿಚಾರವೇ ತಲೆಗೆ ಬಂದಿರಲಿಲ್ಲ. ನಮ್ಮ ಲೆಕ್ಕದಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಗಂಡಸು ಹೆಂಡತಿಯ ಮನೆಗೆ ಬಂದುಹೋಗುವವನು. ಅವನನ್ನು ಅವನ ಅಕ್ಕನ ಮನೆಗೆ ಕರೆದರೆ ಯಾರದೂ ಏನೂ ಕಿತ್ತುಕೊಂಡ ಹಾಗಲ್ಲ. ಈ ಲೆಕ್ಕವನ್ನು ಹಾಗೇ ಹಡಗಿಗೆ ಹಾಕಿಕೊಂಡು ಬಂದಿದ್ದೆ, ಒಣಮೀನಿನ ಜೊತೆಗೆ.

ಮಧ್ಯಾಹ್ನ ಮಾವನ ಹೆಂಡತಿ ಜಮೀಲಾ ಪರದೆ ಸರಿಸಿ ಹೊರಗೆ ಬಂದಳು. ಮೈತುಂಬ ಕರಿಯ ಬಟ್ಟೆ, ಅತ್ತು ಕೆಂಪಾದ ಕಣ್ಣು. ಒಂದು ಪಕ್ಕದಲ್ಲಿ ಜಹರಾ, ಇನ್ನೊಂದು ಪಕ್ಕದಲ್ಲಿ ಅವಳಿಗಿಂತ ಸಣ್ಣವಳು. ಜಹರಾಳ ಹಣೆ ನಮ್ಮ ಗುಲಾಬಿಯದೇ. ಅಣ್ಣ ಹತ್ತು ಜನರೆದುರು ಕೊಟ್ಟ ಮಾತನ್ನು ಜಮೀಲಾ ಮುರಿಯುವ ಹಾಗಿಲ್ಲ. ಅವಳು ಮಾವನ ಪೆಟ್ಟಿಗೆಯ ಹತ್ತಿರ ಹೋಗಿ, ಕಟ್ಟಿಟ್ಟ ಬಟ್ಟೆಗಳ ನಡುವಿನಿಂದ ಅವರ ಬಾಚಿಯನ್ನು, ದೋಣಿಯ ಹಲಗೆ ಕೆತ್ತುವ ಆ ಹಳೆಯ ಬಾಚಿಯನ್ನು, ಹೊರಗೆ ತೆಗೆದಳು. ಮಾವ ಅದನ್ನು ಕಾಪುವಿನಿಂದ ತಂದದ್ದು. ಅದನ್ನು ತನ್ನ ಬಟ್ಟೆಯೊಳಗೆ ಸುತ್ತಿಕೊಂಡು ನನ್ನ ಮುಖ ನೋಡಿ ಏನೋ ಹೇಳಿದಳು.

"ಎಂತ ಹೇಳಿದ್ದು?" ಎಂದು ಮಾವನನ್ನು ಕೇಳಿದೆ.

"ಇದು ಇಲ್ಲಿರಲಿ ಅಂತ. ಬಾಚಿ ಬಿಟ್ಟು ಹೋದ ಬಡಗಿ ತಿರುಗಿ ಬರಬೇಕಾಗುತ್ತದೆ ಅಂತ."

ನಾನು ಬರುತ್ತಾರೆ ಎನ್ನಬೇಕಾಗಿತ್ತು. ಅಮ್ಮನ ಮನಸ್ಸು ತಿಳಿಯದೆ ಹೇಗೆ ಹೇಳುವುದು? ಹೋದ ತಮ್ಮ ಕೈಗೆ ಸಿಕ್ಕಿದ ಮೇಲೆ ಅಮ್ಮ ಬಿಟ್ಟುಕೊಡುತ್ತಾಳೆಯೇ? ಬಗ್ಗಿ ನನ್ನ ಗಂಟು ಕಟ್ಟತೊಡಗಿದೆ. ಆ ಹೆಂಗಸು ಅದನ್ನು ಚೆನ್ನಾಗಿಯೇ ಅರ್ಥಮಾಡಿಕೊಂಡಳು. ಆದರೂ ಹೊರಡುವಾಗ ಅಮ್ಮನಿಗೆಂದು ಖರ್ಜೂರದ ಹೂರಣ ತುಂಬಿದ ಹಬ್ಬದ ಕಡಬಿನಂಥ ತಿಂಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟಳು.

ಮತ್ತೆ ಡೆಕ್ಕು

ಮರಳುವಾಗ ನಡೆಯುವವರು ಇಬ್ಬರಾದೆವು. ನಾನು ಈ ತುದಿಯಿಂದ ಹೊರಟರೆ ಮಾವ ಆ ತುದಿಯಿಂದ. ನಡುವೆ ಎದುರಾದಾಗ ಊಟವಾಯಿತೇ ಎಂದು ಕೇಳಿಕೊಳ್ಳುತ್ತಿದ್ದೆವು. ಅವರು ಹೊತ್ತಿಗೆ ಸರಿಯಾಗಿ ನಮಾಜು ಮಾಡುತ್ತಿದ್ದರು. ಅದನ್ನು ನೋಡಿ ನನ್ನ ಚಿಂತೆ ಹೆಚ್ಚಾಗುತ್ತಿತ್ತು. ಈಗ ಅವರ ಹೆಸರು ಅಬ್ದುಲ್ಲಾ. ಧಾರೆಯ ಚೆಂಬು ಈ ಕೈಗೆ ಬರಲು ನಮ್ಮ ಜಾತಿಯ ಮುಖ್ಯಸ್ಥರಾದ ಗುರಿಕಾರರು ಬಿಡಬೇಕಲ್ಲ. ಅಮ್ಮನಿಗಂತೂ ಇದು ಯಾವುದೂ ಗೊತ್ತಿಲ್ಲ.

ಮಸ್ಕತ್ ದಾಟಿದ ಮೇಲೆ ಒಂದು ಸಂಜೆ ಕೇಳಿಯೇಬಿಟ್ಟೆ.

ಮಾವ ಕಟಕಟೆ ಹಿಡಿದುಕೊಂಡು ಹೇಳಿದರು. "ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಒಂದು ಹಲಗೆ ಸಿಕ್ಕಿತು. ಒಂದು ಕೈಯಲ್ಲಿ ಹಲಗೆ, ಒಂದು ಕೈಯಲ್ಲಿ ಭಾವನ ಕೈ. ಸುಮಾರು ಹೊತ್ತು ಹಿಡಿದಿದ್ದೆ. ಆಮೇಲೆ ಕೈಯಲ್ಲಿ ಏನೂ ಇರಲಿಲ್ಲ. ಅವರ ಕೈ ಜಾರಿತಾ, ನನ್ನ ಕೈ ಬಿಟ್ಟಿತಾ, ಇವತ್ತಿಗೂ ನನಗೆ ಗೊತ್ತಿಲ್ಲ. ಅಕ್ಕ ಕೇಳಿದರೆ ಎಂತ ಹೇಳುವುದು? ಅದಕ್ಕೇ ಹೋದದ್ದು."

ಇಷ್ಟು ವರ್ಷ ಕಾದು ಪಡೆದ ಉತ್ತರ ಇದು. ನನಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೆಂದು ಹೇಳಲಾರೆ. ಚಾಪೆಗೆ ಬಂದು ಮಲಗಿದೆ. ಉಸ್ತಾದರ ಮೂರಕ್ಷರ ತಲೆಯಲ್ಲಿ ತಿರುಗುತ್ತಿತ್ತು. ತೋಟದಲ್ಲಿ ಅವರಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲವಲ್ಲ ಎಂಬ ಪಂಡಿತನ ಕೊರಗು ಬೇರೆ. ನಮ್ಮ ಭಾಷೆಯಲ್ಲೂ ಹೊಟ್ಟೆಯಿಂದ ಹುಟ್ಟಿದ ಮಾತುಗಳಿಗೇನು ಬರವೇ? ಹೊಟ್ಟೆಪಾಡು ಉಂಟು, ಹೊಟ್ಟೆಕಿಚ್ಚು ಉಂಟು, ಹೊಟ್ಟೆಬಾಕತನ ಉಂಟು. ಕರುಣೆ ಎಲ್ಲಿ? ಹಾಗೆ ಹುಡುಕುತ್ತ ಇದ್ದಾಗ ನೆನಪಾಯಿತು. ತಪ್ಪು ಮಾಡಿದವನು ನಮ್ಮಲ್ಲಿ ಏನನ್ನುತ್ತಾನೆ? ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತಾನೆ. ದಿನವೂ ಆಡುವ ಮಾತು, ಹುಡುಗರ ಕೈಯಲ್ಲಿ ವಾಕ್ಯ ಮಾಡಿಸುವ ಮಾತು, ಅದರೊಳಗೆ ಏನಿದೆಯೆಂದು ನಾನು ಅಂದಿನವರೆಗೆ ನೋಡಿರಲಿಲ್ಲ. ಸಮಾಧಾನವೇನೂ ಆಗಲಿಲ್ಲ. ಹಾಕಿಕೊಳ್ಳಬೇಕಾದ ಹೊಟ್ಟೆ ಕಾಪುವಿನಲ್ಲಿತ್ತು.

ಕಾಪು

ಮುಂಬಯಿಯಿಂದ ಕರಾವಳಿಯ ಹಡಗಿನಲ್ಲಿ ಮಲ್ಪೆಗೆ ಬಂದು ದೋಣಿಯಲ್ಲಿ ದಡ ಸೇರಿದೆವು. ದೋಣಿ ಅಲೆಯ ಮೇಲೆ ಏರುವಾಗ ಮಾವ ಕಣ್ಣು ಮುಚ್ಚಿಕೊಂಡಿದ್ದರು. ಆದಿ ಉಡುಪಿ ದಾಟಿ ಪೇಟೆಗೆ ಬಂದು ಕಾಪುವಿನ ಬಸ್ಸು ಹಿಡಿದೆವು. ಅವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಒಂದೊಂದೇ ಊರಿನ ಹೆಸರನ್ನು ತಾವೇ ಹೇಳಿಕೊಳ್ಳುತ್ತಿದ್ದರು. ದೀಪಸ್ತಂಭ ಕಂಡ ಮೇಲೆ ಅದೂ ನಿಂತಿತು.

ಅಂಗಳದಲ್ಲಿ ಮದುವೆಯ ಚಪ್ಪರಕ್ಕೆ ಕಂಬ ಊರಿದ್ದರು. ಜಗಲಿಯಲ್ಲಿ ಗುರಿಕಾರರು ಕೂತಿದ್ದರು. ಮಾವ ಜಗಲಿಯ ಕೆಳಗೇ ನಿಂತರು. ಎಷ್ಟು ಕರೆದರೂ ಮೇಲೆ ಬರಲಿಲ್ಲ. ಗುರಿಕಾರರು ಅವರ ಟೊಪ್ಪಿ ನೋಡಿದರು, ಗಡ್ಡ ನೋಡಿದರು.

"ಈಗ ಹೆಸರು ಎಂತ ದೂಮಪ್ಪ?"

"ಅಬ್ದುಲ್ಲಾ."

"ಹಾಗಾದರೆ ಧಾರೆ ಹೇಗೆ ಎರೆಯುವುದು ಮಾರಾಯ? ನಾಲ್ಕು ಜನ ಕೇಳಿದರೆ ನಾನು ಎಂತ ಹೇಳಲಿ?"

ಅಮ್ಮ ಬಾಗಿಲಿಗೆ ಬಂದಿದ್ದಳು. ಅವಳು ಅಳಲಿಲ್ಲ, ಓಡಿಬರಲೂ ಇಲ್ಲ. ತಮ್ಮನನ್ನು ಒಂದಷ್ಟು ಹೊತ್ತು ನೋಡಿ ಒಳಗೆ ಹೋದಳು. ಬೆಲ್ಲದ ಕಾಫಿಯ ಎರಡು ಲೋಟ ಹಿಡಿದು ಬಂದು ಒಂದನ್ನು ಗುರಿಕಾರರ ಕೈಗೆ ಕೊಟ್ಟಳು. ಇನ್ನೊಂದನ್ನು ಅಂಗಳಕ್ಕೆ ಇಳಿದು ತಮ್ಮನಿಗೆ ಕೊಟ್ಟಳು.

ಮಾವ ಲೋಟ ತೆಗೆದುಕೊಂಡರು. ಬಗ್ಗಿ ಅದನ್ನು ಜಗಲಿಯ ಮೆಟ್ಟಿಲ ಮೇಲೆ ಇಟ್ಟರು. ಕೈಕಟ್ಟಿ ನಿಂತರು.

"ಎಂತ, ಬೆಲ್ಲ ಸಾಲದಾ?" ಎಂದಳು ಅಮ್ಮ. ಮಾವ ತಲೆ ಎತ್ತಲಿಲ್ಲ. ಅಮ್ಮ ನನ್ನ ಕಡೆ ತಿರುಗಿದಳು. "ಎಂತ ಆಯಿತು ಇವನಿಗೆ? ನಮ್ಮ ಕೈಯದು ಕುಡಿಯಬಾರದಾ ಈಗ?"

"ಹಾಗಲ್ಲ ಅಮ್ಮ," ಎಂದೆ. "ಅವರ ಊರಿನ ಕ್ರಮ ಅದು. ಅವರಿಗೆ ಒಂದು ಕೇಳಲಿಕ್ಕೆ ಉಂಟು. ನೀನು ಕೊಡುತ್ತೇನೆ ಅನ್ನುವವರೆಗೆ ಕುಡಿಯುವುದಿಲ್ಲ."

"ನನ್ನ ಹತ್ತಿರ ಕೊಡಲಿಕ್ಕೆ ಎಂತ ಉಂಟು?"

ಅಮ್ಮ ಮೆಟ್ಟಿಲ ಮೇಲಿನ ಲೋಟ ನೋಡಿದಳು, ತಮ್ಮನ ಬಗ್ಗಿದ ತಲೆ ನೋಡಿದಳು. ಅವಳಿಗೆ ಅರ್ಥವಾದದ್ದು ನನಗೆ ಅವಳ ಮುಖದಲ್ಲಿ ಕಂಡಿತು. ಬಾಗಿಲಲ್ಲಿ ಗುಲಾಬಿ ಇಣುಕುತ್ತಿದ್ದಳು. ಅಮ್ಮ ಅವಳ ಕಡೆ ಕೈ ತೋರಿಸಿದಳು.

"ಅದು ಇವಳು ಹುಟ್ಟಿದ ದಿನವೇ ಕೊಟ್ಟಾಗಿದೆ ದೂಮ. ಹೇಳುವ ಅಂದರೆ ನೀನು ಇರಲಿಲ್ಲ. ಕುಡಿ."

ಮಾವ ಲೋಟ ಎತ್ತಿದರು. ಅರ್ಧ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಉಳಿದದ್ದನ್ನು ನಿಂತಲ್ಲೇ ಕುಡಿದರು. ಗುರಿಕಾರರಿಗೂ ಕೇಳಲಿಕ್ಕೆ ಇನ್ನೂ ಇದ್ದಿರಬೇಕು. ಆದರೆ ಅವರು ತಮ್ಮ ಲೋಟ ಆಗಲೇ ಖಾಲಿ ಮಾಡಿದ್ದರು.

"ಮಕ್ಕಳು ಎಷ್ಟು?" ಎಂದು ಕೇಳಿದಳು ಅಮ್ಮ.

"ಇಬ್ಬರು. ಹೆಣ್ಣು."

ಅಮ್ಮ ತಮ್ಮನ ಕೈಯಿಂದ ಲೋಟ ತೆಗೆದುಕೊಂಡಳು. "ಧಾರೆ ಎರೆದು ಮದುವೆ ಮುಗಿದ ಕೂಡಲೇ ಹೊರಡು. ಮಳೆ ಹಿಡಿಯುವ ಮೊದಲು. ಸಮುದ್ರಕ್ಕೆ ಹೋದವರ ದಾರಿ ನೋಡುವುದು ಎಂತದ್ದು ಅಂತ ನನಗೆ ಗೊತ್ತುಂಟು, ನಿನ್ನ ಹೆಂಡತಿಗೆ ಅದು ಬೇಡ."

ಹಾಗೆಂದು ಅಮ್ಮ ಲೋಟಗಳನ್ನು ತೊಳೆಯಲು ಒಳಗೆ ಹೋದಳು.